ದಾರಿಗೆ ಅಡ್ಡ ಬಂದವರು ಯಾರು?



ಹಳ್ಳಿಯ ರಸ್ತೆಯಲ್ಲಿ ಹಸುವಿಗೆ ವಾಹನ ಬಡಿದರೆ ಮುಂದೇನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ. ಐದು ನಿಮಿಷದೊಳಗೆ ಜನ ಸೇರುತ್ತಾರೆ. "ಇಷ್ಟು ಜೋರಾಗಿ ಓಡಿಸಿದರೆ ಇನ್ನೇನಾಗುತ್ತೆ?" ಎಂದು ಕೆಲವರು ಚಾಲಕನ ಮೇಲೆ ಹರಿಹಾಯುತ್ತಾರೆ. "ದನವನ್ನು ರಸ್ತೆಗೆ ಬಿಟ್ಟವನಿಗೆ ಬುದ್ಧಿ ಬೇಡವೇ?" ಎಂದು ಇನ್ನು ಕೆಲವರು ಒಡೆಯನ ಮೇಲೆ ತಿರುಗುತ್ತಾರೆ. ಹಸು ಎಷ್ಟು ಲೀಟರ್ ಹಾಲು ಕೊಡುತ್ತಿತ್ತು, ಗಬ್ಬವಾಗಿತ್ತೇ, ಗಾಡಿಯ ಗಾಜಿಗೆ ಎಷ್ಟು ಖರ್ಚು ಎಂಬ ಲೆಕ್ಕ ಶುರುವಾಗುತ್ತದೆ. ಕೋಳಿಯೊಂದು ಚಕ್ರಕ್ಕೆ ಸಿಕ್ಕರೂ ಅದು ಇಡಬಹುದಾಗಿದ್ದ ಮೊಟ್ಟೆಗಳನ್ನೂ, ಆ ಮೊಟ್ಟೆಗಳಿಂದ ಹುಟ್ಟಬಹುದಾಗಿದ್ದ ಮರಿಗಳನ್ನೂ ಎಣಿಸಿ ಬೆಲೆ ಕೇಳುವ ನಮ್ಮೂರುಗಳ ಜಾಣತನ ನಿಮಗೆ ತಿಳಿಯದ್ದೇನಲ್ಲ. ಇಷ್ಟೆಲ್ಲ ನಡೆಯುವಾಗ ಸೊಂಟ ಮುರಿದ ಹಸು ರಸ್ತೆಯಂಚಿನಲ್ಲಿ ಬಿದ್ದು ಏದುಸಿರು ಬಿಡುತ್ತಿರುತ್ತದೆ. ಅದರ ಕಡೆ ಯಾರಾದರೂ ತಿರುಗುವುದು ಬಹಳ ಹೊತ್ತಿನ ಮೇಲೆ.

ತಪ್ಪು ಯಾರದು? ಇದು ಹಗುರವಾದ ಪ್ರಶ್ನೆಯಲ್ಲ. ಹಿಂಡುವ ಹಸು ಸತ್ತರೆ ಬಡ ಕುಟುಂಬವೊಂದರ ಡೇರಿ ಬಟವಾಡೆಯೇ ನಿಂತುಹೋಗುತ್ತದೆ. ಕತ್ತಲಲ್ಲಿ ರಸ್ತೆಯ ಮೇಲೆ ಮಲಗಿದ ಎಮ್ಮೆಗೆ ಬೈಕು ಬಡಿದರೆ, ಎಮ್ಮೆ ಎದ್ದು ಹೋದರೂ ಸವಾರ ಏಳದೆ ಇರಬಹುದು. ಇನ್ನು ಮನಸ್ಸಾಕ್ಷಿಯ ಮಾತು ಬೇರೆ. "ನಾಯಿ ಅಡ್ಡ ಬಂತು ಫಾದರ್, ತಪ್ಪಿಸಲಾಗಲಿಲ್ಲ. ಇದು ಪಾಪವೇ?" ಎಂದು ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ ಕೇಳುವವರಿದ್ದಾರೆ. ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡವರು ಇನ್ನೂ ಹೆಚ್ಚು. ಅವರೆಲ್ಲರ ಸಲುವಾಗಿ ಈ ವಾರ ಈ ವಿಷಯವನ್ನು ಕುರಿತು ಸ್ವಲ್ಪ ಆಲೋಚಿಸೋಣ.

ಹಾಯುವ ಹೋರಿ, ಮುಚ್ಚದ ಗುಂಡಿ

ಈ ಪ್ರಶ್ನೆ ಮೋಟಾರು ವಾಹನಗಳೊಂದಿಗೆ ಹುಟ್ಟಿದ್ದಲ್ಲ. ವಿಮೋಚನಾಕಾಂಡದ 20ನೇ ಅಧ್ಯಾಯದಲ್ಲಿ ಹತ್ತು ಆಜ್ಞೆಗಳಿವೆ. ಅದರ ಮರು ಅಧ್ಯಾಯದಲ್ಲೇ ದನಗಳ ವ್ಯಾಜ್ಯ ಬರುತ್ತದೆ! ಸೀನಾಯಿ ಬೆಟ್ಟದ ಗುಡುಗು ಮಿಂಚುಗಳ ನಂತರ ಹೋರಿಯ ಕೊಂಬಿನ ಮಾತೇ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ನೆರೆಯವನನ್ನು ಪ್ರೀತಿಸುತ್ತೇವೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಇಂಥ ಜಾಗದಲ್ಲೇ.

ಅಲ್ಲಿರುವ ಮೂರು ನಿಯಮಗಳನ್ನು ಗಮನಿಸಿ. ಮೊದಲನೆಯದು, ಒಬ್ಬನ ಹೋರಿ ಇನ್ನೊಬ್ಬನನ್ನು ಹಾಯ್ದು ಕೊಂದರೆ ಒಡೆಯನಿಗೆ ಶಿಕ್ಷೆಯಿಲ್ಲ. ಆದರೆ ಅದು ಹಾಯುವ ಹೋರಿ ಎಂದು ಮೊದಲೇ ಗೊತ್ತಿದ್ದು, ಜನ ಬಂದು ಎಚ್ಚರಿಸಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ ಆ ಸಾವಿಗೆ ಅವನೇ ಹೊಣೆ. ಎರಡನೆಯದು, ಯಾರಾದರೂ ಗುಂಡಿ ತೋಡಿ ಮುಚ್ಚದೆ ಹೋಗಿ, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ ಗುಂಡಿಯ ಒಡೆಯ ಬೆಲೆ ತೆರಬೇಕು. ಮೂರನೆಯದು, ಒಬ್ಬನ ಹೋರಿ ಇನ್ನೊಬ್ಬನ ಹೋರಿಯನ್ನು ಹಾಯ್ದು ಕೊಂದಿದೆ, ಅದರ ಸ್ವಭಾವ ಹೀಗೆಂದು ಯಾರಿಗೂ ಮೊದಲು ತಿಳಿದಿರಲಿಲ್ಲ. ಆಗ ಬದುಕಿರುವ ಹೋರಿಯನ್ನು ಮಾರಿ ಬಂದ ಹಣವನ್ನು ಇಬ್ಬರೂ ಹಂಚಿಕೊಳ್ಳಬೇಕು, ಸತ್ತದ್ದನ್ನೂ ಹಂಚಿಕೊಳ್ಳಬೇಕು.

ಮೊದಲನೆಯ ನಿಯಮ ಕೇಳುವುದು, ನಿನಗೆ ಗೊತ್ತಿತ್ತೇ ಎಂದು. ಎರಡನೆಯದು ಹೇಳುವುದು, ಅನಾಹುತ ನಡೆದಾಗ ನೀನು ಸ್ಥಳದಲ್ಲಿ ಇರಲಿಲ್ಲವೆಂದ ಮಾತ್ರಕ್ಕೆ ಹೊಣೆ ತಪ್ಪದು ಎಂದು. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಯಾರ ತಪ್ಪೂ ಇಲ್ಲದ ನಷ್ಟಗಳೂ ಲೋಕದಲ್ಲಿವೆ. ಅಂಥ ಕಡೆ ತಪ್ಪಿತಸ್ಥನನ್ನು ಹುಡುಕುವುದಕ್ಕಿಂತ ನಷ್ಟವನ್ನು ಹಂಚಿಕೊಳ್ಳುವುದೇ ಧರ್ಮ. ಈ ಮೂರನ್ನೂ ಕೈಯಲ್ಲಿ ಹಿಡಿದು ನಮ್ಮ ರಸ್ತೆಗೆ ಬರೋಣ.

ಓಡಿಸುವವರ ಪಾಲು

"ಅದು ಒಮ್ಮೆಲೇ ಅಡ್ಡ ಬಂತು." ಚಾಲಕರು ಹೇಳುವ ಮೊದಲ ಮಾತು ಇದು. ಎಷ್ಟೋ ಸಲ ಇದು ನಿಜವೂ ಹೌದು. ಆ ಅರೆಗಳಿಗೆಯಲ್ಲಿ ಕೈಕಾಲು ಮಾಡಿದ್ದನ್ನು ಬುದ್ಧಿಪೂರ್ವಕ ಕೃತ್ಯ ಎನ್ನಲಾಗದು. ಆಲೋಚನೆ, ಒಪ್ಪಿಗೆ ಎರಡೂ ಇಲ್ಲದ ಕಡೆ ಪಾಪವಿಲ್ಲ ಎಂದು ಗುರುಮಠದ ನೀತಿಶಾಸ್ತ್ರದ ಮೊದಲ ಪಾಠಗಳಲ್ಲೇ ನಮಗೆ ಕಲಿಸುತ್ತಾರೆ.

ಆದರೆ ಪಾಠ ಅಲ್ಲಿಗೆ ಮುಗಿಯುವುದಿಲ್ಲ. 13ನೇ ಶತಮಾನದ ಸಂತ ತೋಮಾಸ್ ಅಕ್ವಿನಾಸರು, ಅಕಸ್ಮಾತ್ತಾಗಿ ಮನುಷ್ಯನನ್ನು ಕೊಂದವನು ಅಪರಾಧಿಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಒಂದು ಭೇದವನ್ನು ತೋರಿಸುತ್ತಾರೆ. ಮಾಡಬಾರದ ಕೆಲಸ ಮಾಡುತ್ತಿದ್ದವನು, ಅಥವಾ ವಹಿಸಬೇಕಾದ ಎಚ್ಚರವನ್ನು ವಹಿಸದವನು, ತಾನು ಬಯಸದ ಸಾವಿಗೂ ಒಂದು ಬಗೆಯಲ್ಲಿ ಹೊಣೆಯಾಗುತ್ತಾನೆ ಎಂಬುದು ಅವರ ವಿಚಾರದ ಸಾರ. ಫಲವನ್ನು ಅವನು ಬಯಸಲಿಲ್ಲ, ನಿಜ. ಆದರೆ ಅದರ ಕಾರಣವನ್ನು ತಾನೇ ಆರಿಸಿಕೊಂಡಿದ್ದ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಸಾಗುತ್ತದೆ. ಎದುರಿಗಿರುವುದನ್ನು ಕಂಡು, ಬುದ್ಧಿಗೆ ತಿಳಿದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೂ 33 ಮೀಟರ್ ದಾಟಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒಣಗಿದ, ಒಳ್ಳೆಯ ರಸ್ತೆಯಲ್ಲೂ ನಿಲ್ಲಲು ಇನ್ನು ಅಷ್ಟೇ ದೂರ ಬೇಕು. ಒಟ್ಟು ಸುಮಾರು 70 ಮೀಟರ್. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಅರ್ಧದಲ್ಲಿ ನಿಲ್ಲಬಹುದು. ಎದುರಿನಿಂದ ಇನ್ನೊಂದು ವಾಹನ ಬಂದಾಗ ದೀಪವನ್ನು ಡಿಮ್ ಮಾಡುತ್ತೇವಲ್ಲ, ಆಗ ನಮಗೆ ಕಾಣುವ ದಾರಿ 70 ಮೀಟರ್ ಇರುವುದಿಲ್ಲ. ಅಂದರೆ, ಕಾಣುವಷ್ಟು ದೂರದಲ್ಲಿ ನಿಲ್ಲಿಸಲಾಗದ ವೇಗದಲ್ಲಿ ಹೋಗುವವನು ಕಣ್ಣುಮುಚ್ಚಿ ಓಡಿಸುತ್ತಿದ್ದಾನೆ ಎಂದೇ ಅರ್ಥ. ಅವನ ನೈತಿಕ ನಿರ್ಧಾರ ನಡೆದದ್ದು ಎಮ್ಮೆ ಕಂಡ ಕ್ಷಣದಲ್ಲಲ್ಲ, ಹಿಂದಿನ ಊರು ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ. ಮದ್ಯ ಕುಡಿದು ಬೈಕು ಹತ್ತಿದವನದಂತೂ ಅಂಗಡಿಯಲ್ಲೇ ನಡೆದುಹೋಗಿದೆ. ಕುಡಿತದಿಂದಲೋ ವೇಗದ ಮೋಹದಿಂದಲೋ ತನ್ನ ಮತ್ತು ಪರರ ಜೀವಕ್ಕೆ ಅಪಾಯ ತರುವುದು ಗಂಭೀರವಾದ ಅಪರಾಧ ಎಂದು 1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಬೋಧಿಸುತ್ತದೆ.

ಹಾಗಾದರೆ ನಾಯಿ ಅಡ್ಡ ಬಂದಾಗ ಏನು ಮಾಡಬೇಕು? ಹ್ಯಾಂಡಲ್ ಪಕ್ಕಕ್ಕೆ ಎಳೆದು ಹಿಂದೆ ಕೂತ ಹೆಂಡತಿ ಮಕ್ಕಳನ್ನು ಎದುರು ಲಾರಿಗೆ ಒಪ್ಪಿಸಬೇಕೇ? ಖಂಡಿತ ಇಲ್ಲ. ಮನುಷ್ಯನ ಜೀವ ಮೊದಲು. ನೇರವಾಗಿ ಬ್ರೇಕ್ ಹಿಡಿಯಿರಿ. ಅದಕ್ಕೂ ಮೀರಿ ಪ್ರಾಣಿ ಸತ್ತರೆ ದುಃಖಪಡಿ, ಆದರೆ ನಿಮ್ಮನ್ನು ನೀವು ಕೊಲೆಗಾರರೆಂದು ಭಾವಿಸಬೇಡಿ. ಎಚ್ಚರದಿಂದ ಓಡಿಸಿಯೂ ತಪ್ಪಿಸಲಾಗದೆ ಹೋದದ್ದು ಪಾಪವಲ್ಲ. ಆ ದುಃಖ ಒಳ್ಳೆಯ ಹೃದಯದ ಲಕ್ಷಣ, ಅಷ್ಟೇ.

ಸಾಕುವವರ ಪಾಲು

ಈಗ ಕೊಟ್ಟಿಗೆಯ ಕಡೆ ಬರೋಣ. ರೈತರೇ, ಬೇಸರಪಡಬೇಡಿ. ನಿಮ್ಮ ಕಷ್ಟ ಅರಿಯದ ಮಾತಲ್ಲ ಇದು. ಮೊದಲು ಊರಿಗೊಂದು ಗೋಮಾಳವಿತ್ತು. ಎಷ್ಟೋ ಊರುಗಳಲ್ಲಿ ಅದು ಮಂಜೂರಾಗಿಯೋ ಒತ್ತುವರಿಯಾಗಿಯೋ ಕರಗಿಹೋಗಿದೆ. ಹುಲ್ಲು ಉಳಿದಿರುವುದು ರಸ್ತೆಯ ಎರಡು ಬದಿಯಲ್ಲಿ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಗಂಡು ಕರುವಿಗೆ ಕೆಲಸವಿಲ್ಲ. ಹಾಲು ಬತ್ತಿದ ಹಸುವಿಗೂ ಮೇವು ಬೇಕು, ಮೇವಿಗೆ ದುಡ್ಡು ಬೇಕು. ಹೀಗಾಗಿ ಕೆಲವರು ಹಗ್ಗ ಬಿಚ್ಚಿ "ಎಲ್ಲಾದರೂ ಮೇಯ್ದುಕೊಳ್ಳಲಿ" ಎಂದು ಬಿಟ್ಟುಬಿಡುತ್ತಾರೆ. ಅದು ಮೇಯುವುದು ಪೇಟೆಯ ಬದಿಯ ಕಸವನ್ನು. ಮಳೆಗಾಲದ ರಾತ್ರಿ ಮಲಗುವುದು ಬೆಚ್ಚಗಿರುವ ಒಣ ಡಾಂಬರಿನ ಮೇಲೆ.

ಕಷ್ಟ ನಿಜ. ಆದರೆ ಕಷ್ಟ ಹೊಣೆಯನ್ನು ಹಗುರಗೊಳಿಸಬಹುದೇ ಹೊರತು ಇಲ್ಲವಾಗಿಸದು. ಹತ್ತು ವರ್ಷ ಹಾಲು ಕುಡಿದ ಮನೆ ಹನ್ನೊಂದನೆಯ ವರ್ಷ ಆ ಹಸುವನ್ನು ಹೆದ್ದಾರಿಗೆ ಬಿಟ್ಟರೆ, ಅದು ಹಾಯುವ ಹೋರಿಯನ್ನು ಗೊತ್ತಿದ್ದೂ ಕಟ್ಟದೆ ಬಿಟ್ಟಂತೆಯೇ. ಮೊದಲ ನಿಯಮ ಇಲ್ಲಿಗೆ ಸರಿಯಾಗಿ ಅನ್ವಯಿಸುತ್ತದೆ: ಇಲ್ಲಿ ವಾಹನಗಳು ಓಡಾಡುತ್ತವೆ, ಕತ್ತಲಲ್ಲಿ ದನ ಕಾಣದು ಎಂದು ನಮಗೆ ಗೊತ್ತಿದೆ. ನಮ್ಮ ದೇಶದ ಕಾನೂನೂ ಹೀಗೆಯೇ ಯೋಚಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಬರಬಹುದಾದ ಅಪಾಯವನ್ನು ತಡೆಯಲು ಬೇಕಾದ ಕ್ರಮ ಕೈಗೊಳ್ಳದೆ ಅಲಕ್ಷ್ಯ ಮಾಡಿದವನಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಹಾಗೆಂದು ಕಾನೂನು ಒಡೆಯನನ್ನು ಕೈಬಿಟ್ಟಿಲ್ಲ. ದನ ಅವನ ಸ್ವತ್ತು. ಚಾಲಕನ ಅಲಕ್ಷ್ಯದಿಂದ ಅದು ಸತ್ತರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆಸ್ತಿ ನಷ್ಟವೆಂದು ಪರಿಹಾರ ಕೇಳಬಹುದು. ರಸ್ತೆಯಲ್ಲೇ ಕಾಲರ್ ಹಿಡಿದು ವಸೂಲಿ ಮಾಡಬೇಕಾಗಿಲ್ಲ.

ಸಾಕಿದವರೇ ಇಲ್ಲದ ಪ್ರಾಣಿಗಳು

ಹಸುವಿಗೆ ಒಡೆಯನಿದ್ದಾನೆ. ಜಿಂಕೆಗೆ, ಮುಂಗುಸಿಗೆ, ಆನೆಗೆ ಯಾರಿದ್ದಾರೆ? 1988ರ ಮೋಟಾರು ವಾಹನ ಕಾಯಿದೆಯ 132ನೇ ಕಲಮು ಪ್ರಾಣಿಗೆ ಅಪಘಾತವಾದಾಗ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕ ವಾಹನ ನಿಲ್ಲಿಸಬೇಕೆಂದು ಹೇಳುತ್ತದೆ. ಆ ಕಲಮಿನಲ್ಲಿ ಪ್ರಾಣಿ ಎಂದರೆ ಯಾವುವು ಎಂಬ ಪಟ್ಟಿಯೂ ಇದೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಆಡು. ಪಟ್ಟಿಯಲ್ಲಿರುವುದು ಹೆಚ್ಚಾಗಿ ಮನುಷ್ಯ ಸಾಕಿ ಬೆಲೆ ಕಟ್ಟುವ ಪ್ರಾಣಿಗಳು. ನಾಯಿ ಇಲ್ಲ, ಬೆಕ್ಕಿಲ್ಲ, ಮಂಗವಿಲ್ಲ, ಜಿಂಕೆಯಿಲ್ಲ. ಕಾನೂನಿನ ಪಟ್ಟಿ ಎಲ್ಲಿಯಾದರೂ ಮುಗಿಯಲೇಬೇಕು. ಮನಸ್ಸಾಕ್ಷಿಯ ಪಟ್ಟಿ ಅಲ್ಲಿಗೇ ಮುಗಿಯಬೇಕೇ? ಅಗತ್ಯವಿಲ್ಲದೆ ಪ್ರಾಣಿಗಳನ್ನು ನೋಯಿಸುವುದು, ಸಾಯಿಸುವುದು ಮನುಷ್ಯನ ಘನತೆಗೇ ವಿರುದ್ಧವೆಂದು ಧರ್ಮಸಭೆ ಕಲಿಸುವಾಗ, ಸಾಕಿದ ಪ್ರಾಣಿ, ಸಾಕದ ಪ್ರಾಣಿ ಎಂದು ಬೇರ್ಪಡಿಸಿ ಹೇಳಿಲ್ಲ.

ಇಲ್ಲಿ ಎರಡನೆಯ ನಿಯಮ, ಅಂದರೆ ಗುಂಡಿಯ ನಿಯಮ, ಮುಂದೆ ಬರುತ್ತದೆ. ಆನೆ ರಸ್ತೆಗೆ ಬಂತು ಎನ್ನುತ್ತೇವೆ. ಆದರೆ ಆನೆಯ ಹಾದಿಗೆ ರಸ್ತೆ ಬಂದಿತೆನ್ನುವುದೇ ಹೆಚ್ಚು ಸರಿಯಲ್ಲವೇ? 2015ರಲ್ಲಿ ಜಗದ್ಗುರು ಫ್ರಾನ್ಸಿಸರು "ಲೌದಾತೋ ಸಿ" ಎಂಬ ವಿಶ್ವಪತ್ರದಲ್ಲಿ, ಹೆದ್ದಾರಿ ಬೇಲಿಗಳಂಥವು ಪ್ರಾಣಿಗಳ ನೆಲೆಯನ್ನು ತುಂಡರಿಸಿ ಅವುಗಳ ಓಡಾಟವನ್ನೇ ನಿಲ್ಲಿಸಬಲ್ಲವು ಎಂದು ಎಚ್ಚರಿಸಿದರು.

ನಮ್ಮ ರಾಜ್ಯದ ಬಂಡೀಪುರವೇ ಇದಕ್ಕೆ ಉದಾಹರಣೆ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೂ ತಮಿಳುನಾಡಿನ ಊಟಿಗೂ ಹೋಗುವ ಹೆದ್ದಾರಿಗಳು ಆ ಹುಲಿ ರಕ್ಷಿತಾರಣ್ಯದ ಒಳಗೇ ಸಾಗುತ್ತವೆ. ಪ್ರಾಣಿಗಳ ಸಾವನ್ನು ತಡೆಯಲೆಂದು 2009ರಲ್ಲಿ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ ಸಿಕ್ಕಿತು. ಆದರೆ ವಯನಾಡಿನ ಜನರಿಗೆ ಇದರಿಂದ ತೊಂದರೆಯಾಯಿತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಅವರು ಉಪವಾಸ ಕೂತು ಪ್ರತಿಭಟಿಸಿದರು. ತರಕಾರಿ ಸಾಗಿಸುವವನ, ದೂರದೂರಿನಲ್ಲಿ ಓದುವ ಮಕ್ಕಳ ಕಷ್ಟವನ್ನು "ಪ್ರಾಣಿಪ್ರೀತಿಯಿಲ್ಲದವರ ಗಲಾಟೆ" ಎಂದು ತಳ್ಳಿಹಾಕುವುದು ಅನ್ಯಾಯ. ಅಂತೆಯೇ, ಒಂಬತ್ತು ಗಂಟೆ ಕಾಡನ್ನು ಕಾಡಿನ ಜೀವಗಳಿಗೆ ಬಿಟ್ಟುಕೊಡುವುದನ್ನು ಹುಚ್ಚು ಎನ್ನುವುದೂ ಅನ್ಯಾಯ. ಮೂರನೆಯ ನಿಯಮ ಇಲ್ಲಿ ನೆನಪಾಗಬೇಕು. ಕಾಡು ಉಳಿದರೆ ಲಾಭ ಎಲ್ಲರಿಗೂ. ಹಾಗಿದ್ದಮೇಲೆ ಅದರ ಹೊರೆಯನ್ನು ಗಡಿಯ ಒಂದು ಊರಿನವರ ಮೇಲೆ ಮಾತ್ರ ಹೊರಿಸದೆ ಎಲ್ಲರೂ ಹಂಚಿಕೊಳ್ಳಬೇಕು, ಬದಲಿ ದಾರಿಗೂ ಸೌಕರ್ಯಕ್ಕೂ ಹಣ ಕೊಡಬೇಕು.

ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಮಧ್ಯ ಭಾರತದ ಪೆಂಚ್ ಅರಣ್ಯ ಸಾಕ್ಷಿ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 44ನ್ನು ಕೆಲವೆಡೆ ಎತ್ತರಿಸಿ, ಪ್ರಾಣಿಗಳು ಅಡಿಯಿಂದ ದಾಟುವಂತೆ ಕಟ್ಟಿದ್ದಾರೆ. ಹುಲಿಯೂ ಸೇರಿ ಹಲವು ಪ್ರಾಣಿಗಳು ಅದನ್ನು ಬಳಸುತ್ತಿರುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಅದಕ್ಕೆ ಹೆಚ್ಚಿನ ಖರ್ಚು ಬಿದ್ದಿರಬಹುದು. ಮನೆ ಕಟ್ಟಿದರೆ ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಬಿದ್ದವನ ರಕ್ತಾಪರಾಧ ನಿನ್ನ ಮನೆಯ ಮೇಲೆ ಎಂದು ಧರ್ಮೋಪದೇಶಕಾಂಡ ಎಚ್ಚರಿಸುವುದಿಲ್ಲವೇ? ರಸ್ತೆಗೂ ಅಂಥ ಕೈಪಿಡಿ ಗೋಡೆಗಳು ಬೇಕು.

ನಮ್ಮ ಕೈಯಿಂದಲೂ ಸಣ್ಣ ಗುಂಡಿಗಳು ತೋಡಲ್ಪಡುತ್ತವೆ. ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಎಸೆಯುವವರು ಅವುಗಳಿಗೆ ರಸ್ತೆಗೆ ಬರುವ ಅಭ್ಯಾಸ ಕಲಿಸುತ್ತಾರೆ. ಮದುವೆಯ ಎಂಜಲೆಲೆಯನ್ನು ರಸ್ತೆ ಬದಿಯಲ್ಲಿ ಸುರಿದವರು ನಾಯಿ ದನಗಳನ್ನು ಅಲ್ಲಿಗೇ ಕರೆದಂತಾಯಿತು. "ಬೇಗ ಹೋಗಪ್ಪ, ಹೊತ್ತಾಯ್ತು" ಎಂದು ಹಿಂದಿನ ಸೀಟಿನಲ್ಲಿ ಕೂತು ಚಾಲಕನನ್ನು ಅವಸರಪಡಿಸುವ ನಾವೂ ಆ ವೇಗದಲ್ಲಿ ಪಾಲುದಾರರು.

ಹಂಚಿದರೆ ಕಡಿಮೆಯಾಗದ ಹೊಣೆ

ಇಷ್ಟು ಜನರ ಪಾಲು ಇದೆ ಎಂದಮೇಲೆ, ಪ್ರತಿಯೊಬ್ಬರಿಗೂ ಕೊಂಚ ಕೊಂಚ ಬಂತು, ಚಿಂತೆಯಿಲ್ಲ ಎಂದುಕೊಳ್ಳುವ ಅಪಾಯವಿದೆ. ಇಲ್ಲೇ ನಾವು ಎಡವುವುದು. ಸಾಲದ ಹಣವನ್ನು ಹಂಚಿದರೆ ಒಬ್ಬೊಬ್ಬನ ಭಾಗ ಕಡಿಮೆಯಾಗುತ್ತದೆ. ಹೊಣೆ ಹಾಗಲ್ಲ. ಒಡೆಯ ದನ ಕಟ್ಟಿರಲಿಲ್ಲ ಎಂಬುದರಿಂದ ಚಾಲಕನ ವೇಗ ಒಂದು ಕಿಲೋಮೀಟರ್ ಕೂಡ ಕಡಿಮೆಯಾಗುವುದಿಲ್ಲ. ಚಾಲಕ ಕುಡಿದಿದ್ದ ಎಂಬುದರಿಂದ ಬಿಚ್ಚಿದ ಹಗ್ಗ ಮತ್ತೆ ಗೂಟಕ್ಕೆ ಬೀಳುವುದಿಲ್ಲ. ಪರಿಹಾರದ ಹಣವನ್ನು ನ್ಯಾಯಾಲಯ ಶೇಕಡಾವಾರು ಹಂಚಲಿ. ದೇವರ ಮುಂದೆ ಮಾತ್ರ ಪ್ರತಿಯೊಬ್ಬನೂ ತನ್ನ ಕೈಯಲ್ಲಿದ್ದದ್ದಕ್ಕೆ ಪೂರ್ಣವಾಗಿಯೇ ಉತ್ತರ ಕೊಡಬೇಕು. ಎದುರಿನವನ ತಪ್ಪು ನನಗೆ ರಸೀದಿಯಾಗದು.

ಈ ಎಲ್ಲದರ ನಡುವೆ ಯಾವ ತಪ್ಪೂ ಇಲ್ಲದ್ದು ಒಂದೇ ಒಂದು ಜೀವ, ಬಿದ್ದಿರುವ ಆ ಪ್ರಾಣಿ. ನೋಯುವುದೂ ಅದೇ.

ಡಿಕ್ಕಿಯಾದ ಮೇಲೆ

ವಿಮೋಚನಾಕಾಂಡದ 23ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿರುವುದನ್ನು ಕಂಡರೆ ಹಾಗೇ ಬಿಟ್ಟುಹೋಗದೆ ಅವನೊಂದಿಗೆ ಸೇರಿ ಅದನ್ನು ಎಬ್ಬಿಸಬೇಕು. ಹೊರೆ ಹೆಚ್ಚು ಹೇರಿದವರು ಯಾರು, ಕತ್ತೆ ಬಿದ್ದದ್ದು ಯಾರ ತಪ್ಪಿನಿಂದ ಎಂದು ಅಲ್ಲಿ ಕೇಳಿಲ್ಲ. ಮೊದಲು ಎಬ್ಬಿಸು, ವ್ಯಾಜ್ಯ ಆಮೇಲೆ. ಇಬ್ಬರು ಶತ್ರುಗಳು ಒಂದು ಕತ್ತೆಗೆ ಒಟ್ಟಿಗೆ ಕೈಕೊಟ್ಟರೆ ಆ ವ್ಯಾಜ್ಯ ಅರ್ಧ ತೀರಿದಂತೆಯೇ.

ನಮ್ಮ ರಸ್ತೆಗಳಲ್ಲಿ ಇದಕ್ಕೆ ಅಡ್ಡಿಯಾಗಿರುವುದು ಭಯ. ನಿಲ್ಲಿಸಿದರೆ ಜನ ಹೊಡೆಯುತ್ತಾರೆಂದು ಚಾಲಕ ಓಡಿಹೋಗುತ್ತಾನೆ. ಗಾಯಗೊಂಡ ಮನುಷ್ಯರಿಗೆ ಚಿಕಿತ್ಸೆ ಕೊಡಿಸಬೇಕೆಂದು ಚಾಲಕನಿಗೆ ಹೇಳುವ 134ನೇ ಕಲಮಿನಲ್ಲೇ, ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಎಂದು ಬರೆದಿದೆ. ನಮ್ಮ ಕೋಪವನ್ನು ಕಾನೂನೇ ಮುಂಗಂಡು ಬರೆದಿಟ್ಟಿದೆ ಎಂದರೆ ನಾವು ತಲೆತಗ್ಗಿಸಬೇಕಾದ ವಿಷಯವಲ್ಲವೇ? ಜನ ಸೇರಿದ ಕಡೆ ಕೈಎತ್ತುವವರನ್ನು ತಡೆಯುವ ಒಬ್ಬರಾದರೂ ನಮ್ಮ ಧರ್ಮಕೇಂದ್ರದವರಿರಲಿ. ಚಾಲಕರಾದವರು, ಅಲ್ಲಿ ನಿಲ್ಲಲು ಪ್ರಾಣಭಯವಿದ್ದರೆ ಹತ್ತಿರದ ಠಾಣೆಗೆ ಹೋಗಿ ತಿಳಿಸಿ. ಓಡಿಹೋಗುವುದು ಬೇರೆ, ಠಾಣೆಗೆ ಹೋಗುವುದು ಬೇರೆ. ದನಕ್ಕೆ ಗಾಯವಾದರೆ 1962ಕ್ಕೆ ಕರೆಮಾಡಿ, ಪಶು ಚಿಕಿತ್ಸಾ ವಾಹನ ಕೇಳಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಇದೆ. ಸತ್ತ ಪ್ರಾಣಿಯನ್ನು ಹಾಗೇ ಬಿಟ್ಟರೆ ಮುಂದಿನ ಬೈಕಿನವನ ಸಾವಿಗೆ ಅದೇ ಕಾರಣವಾಗಬಹುದು. ಸುರಕ್ಷಿತವಾಗಿ ಸಾಧ್ಯವಿದ್ದರೆ ಪಕ್ಕಕ್ಕೆ ಸರಿಸಿ, ಇಲ್ಲವೆ ಬರುವವರಿಗೆ ಕೈಬೀಸಿ ಎಚ್ಚರಿಸಿ.

ಮನೆಯಲ್ಲಿ ಮಾಡಬಹುದಾದದ್ದು

ಕೊನೆಯದಾಗಿ ಕೆಲವು ಸರಳ ಸಂಗತಿಗಳು. ದನ ಸಾಕುವವರು ಕತ್ತಲಾಗುವ ಮುನ್ನ ಅವುಗಳನ್ನು ಕೊಟ್ಟಿಗೆಗೆ ತರುವ ಕೆಲಸವನ್ನು ಮನೆಯ ಒಬ್ಬರಿಗೆ ಒಪ್ಪಿಸಿ. ಕೊಂಬಿಗೋ ಕೊರಳಿಗೋ ರೇಡಿಯಂ ಪಟ್ಟಿ ಅಂಟಿಸಿ. ದೂರದಿಂದಲೇ ಹೊಳೆಯುವ ಈ ಪಟ್ಟಿಗೆ ತಗಲುವ ಖರ್ಚು ಅತ್ಯಲ್ಪ. ಯುವಕರ ಸಂಘದವರು ಒಂದು ಭಾನುವಾರ ಊರಿನ ಎಲ್ಲ ದನಗಳಿಗೂ, ಯಾರ ಮನೆಯದು ಯಾವ ಜಾತಿಯದು ಎನ್ನದೆ, ಇದನ್ನು ಮಾಡಬಾರದೇಕೆ? ಗಾಡಿ ಓಡಿಸುವ ಮಕ್ಕಳಿಗೆ ತಂದೆತಾಯಂದಿರು ಒಂದು ಮಾತು ಕಲಿಸಿ: ಕರು ದಾಟಿದರೆ ಹಿಂದೆ ತಾಯಿ ಇರುತ್ತದೆ, ಒಂದು ಜಿಂಕೆ ದಾಟಿದರೆ ಇನ್ನೊಂದು ಬರುತ್ತದೆ. ಗ್ರಾಮಸಭೆಯಲ್ಲಿ ಗೋಮಾಳದ ಮಾತನ್ನೂ ಬಂದೀದೊಡ್ಡಿಯ ಮಾತನ್ನೂ ಎತ್ತಿ.

ಬಿಳಾಮನ ಕತ್ತೆಯ ಕಥೆ ಮಕ್ಕಳಿಗೆ ಬಹಳ ಇಷ್ಟ. ದಾರಿಯಲ್ಲಿ ನಿಂತುಬಿಟ್ಟ ಕತ್ತೆಯನ್ನು ಅವನು ಮೂರು ಸಲ ಹೊಡೆದ. ಅವನಿಗೆ ಕಾಣದ ದೇವದೂತ ಕತ್ತಿ ಹಿರಿದು ಎದುರಿಗೆ ನಿಂತಿದ್ದ. ಕತ್ತೆ ನಿಂತದ್ದರಿಂದಲೇ ಬಿಳಾಮನ ತಲೆ ಉಳಿಯಿತು. ಈ ವಾರ ಒಂದು ಸಂಜೆ ಜಪಸರದ ನಂತರ ಆ ಕಥೆಯನ್ನು ಮನೆಯಲ್ಲಿ ಓದಿ. ಓದಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ದಾರಿಗೆ ಅಡ್ಡ ಬಂದದ್ದು ನಿಜವಾಗಿ ಯಾರು, ಕತ್ತೆಯೋ, ಅವಸರದಲ್ಲಿದ್ದ ಬಿಳಾಮನೋ? ಅವರು ಏನು ಹೇಳುತ್ತಾರೋ ಕೇಳಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಗಾಡಿಯ ಕೀಲಿ ಕೈಗೆತ್ತಿಕೊಳ್ಳುವಾಗ, ದನದ ಹಗ್ಗ ಬಿಚ್ಚುವಾಗ, ಅದು ನೆನಪಿಗೆ ಬಂದರೆ ಸಾಕು.